ಈ ಮರಿ ಹುಂಜವೋ, ಹೇಂಟೆಯೋ?

ಪ್ರಶ್ನೆ: ಹಿತ್ತಲಲ್ಲಿ ಸಾಕಲು ಹನ್ನೆರಡು ಕೋಳಿಮರಿ ತಂದಿದ್ದೇವೆ. ನಾಲ್ಕೈದು ತಳಿ ಬೆರೆತಿವೆ. ಹತ್ತು ದಿನದ ಮರಿಗಳು. ಮೊಟ್ಟೆಗಾಗಿ ಸಾಕುತ್ತಿರುವುದರಿಂದ ಹೇಂಟೆಗಳೇ ಬೇಕು, ಹುಂಜ ಒಂದಿದ್ದರೆ ಸಾಕು. ಕಾಲು ಹಿಡಿದು ತಲೆಕೆಳಗೆ ಮಾಡಿದಾಗ ಒದ್ದಾಡಿದರೆ ಹುಂಜ, ಸುಮ್ಮನಿದ್ದರೆ ಹೇಂಟೆ ಅಂತ ಒಬ್ಬರು ಹೇಳಿದರು. ನಿಜವಾ? ಕಪ್ಪು ಮರಿಗಳಲ್ಲಿ ಮೂರಕ್ಕೆ ನೆತ್ತಿಯ ಮೇಲೆ ಬಿಳಿ ಚುಕ್ಕೆ ಇದೆ. ಅದಕ್ಕೇನಾದರೂ ಅರ್ಥ ಇದೆಯಾ?

ಉತ್ತರ: ಮೊದಲು ಆ ಮರಿಗಳನ್ನು ನೆಲಕ್ಕೆ ಬಿಡಿ, ಪಾಪ. ಹೆದರಿದ್ದು ಒದ್ದಾಡುತ್ತದೆ, ಸುಸ್ತಾಗಿದ್ದು ಸುಮ್ಮನಿರುತ್ತದೆ, ಅಷ್ಟೇ. ಚೂಪು ಮೊಟ್ಟೆಯಲ್ಲಿ ಹುಂಜ, ಗುಂಡು ಮೊಟ್ಟೆಯಲ್ಲಿ ಹೇಂಟೆ ಅನ್ನುವುದೂ ಇದೇ ಸಾಲಿನದು. ಅರ್ಧ ಸಲ ಸರಿಯಾಗುತ್ತದೆ. ನಾಣ್ಯ ಚಿಮ್ಮಿದರೂ ಅರ್ಧ ಸಲ ಸರಿಯಾಗುತ್ತದೆ ಅಲ್ವಾ?

ಬಿಳಿ ಚುಕ್ಕೆಗೆ ಅರ್ಥ ಇದೆ. ಆದರೆ ಅಪ್ಪ ಅಮ್ಮ ಯಾರು ಅಂತ ಗೊತ್ತಿದ್ದರೆ ಮಾತ್ರ. ತಾಯಿ ಪಟ್ಟೆ ಗರಿಯ ಬಾರ್ಡ್ ಪ್ಲಿಮತ್ ರಾಕ್, ತಂದೆ ಪಟ್ಟೆ ಇಲ್ಲದ ರೋಡ್ ಐಲೆಂಡ್ ರೆಡ್ ಎಂದುಕೊಳ್ಳಿ. ಕೋಳಿಗಳಲ್ಲಿ ತಾಯಿ ತನ್ನ ಪಟ್ಟೆಯ ಗುಣವನ್ನು ಗಂಡುಮರಿಗೆ ಮಾತ್ರ ದಾಟಿಸುತ್ತಾಳೆ, ಹೆಣ್ಣುಮರಿಗೆ ಅದು ಹೋಗುವುದೇ ಇಲ್ಲ. ಹುಟ್ಟಿದ ದಿನ ಆ ಗುಣ ಕಾಣಿಸುವುದು ನೆತ್ತಿಯ ಬಿಳಿ ಚುಕ್ಕೆಯಾಗಿ. ಹಾಗಾಗಿ ಈ ಜೋಡಿಯ ಮರಿಗಳಲ್ಲಿ ಚುಕ್ಕೆ ಇದ್ದದ್ದು ಹುಂಜ, ಇಲ್ಲದ್ದು ಹೇಂಟೆ. ತಂದೆ ತಾಯಿ ಇಬ್ಬರೂ ಶುದ್ಧ ಪಟ್ಟೆ ತಳಿಯವರಾದರೆ ಲೆಕ್ಕ ಬೇರೆ. ಆಗ ಎಲ್ಲಾ ಮರಿಗೂ ಚುಕ್ಕೆ ಬರುತ್ತದೆ. ಹೇಂಟೆಯದು ಸಾಮಾನ್ಯವಾಗಿ ಸಣ್ಣದು, ಅಂಚು ಸ್ಪಷ್ಟ. ಹುಂಜದ್ದು ದೊಡ್ಡದು, ಚೆಲ್ಲಿದ ಹಾಗಿರುತ್ತದೆ. ಮರಿ ಕೊಟ್ಟವರನ್ನು ಒಮ್ಮೆ ಕೇಳಿ ನೋಡಿ.

ರೆಕ್ಕೆಯ ಗರಿ ಉದ್ದ ನೋಡಿ ಹೇಳುವುದೂ ಹಾಗೇ. ನಿಧಾನವಾಗಿ ಗರಿ ಬರುವ ತಾಯಿಗೆ ಬೇಗ ಗರಿ ಬರುವ ತಂದೆಯನ್ನು ಬೇಕಂತಲೇ ಜೋಡಿ ಮಾಡಿದ್ದರೆ, ಅದೂ ಹುಟ್ಟಿದ ಒಂದೆರಡು ದಿನದಲ್ಲಿ ಮಾತ್ರ ನಡೆಯುತ್ತದೆ. ಗುದದ್ವಾರ ಬಿಡಿಸಿ ನೋಡುವ ವಿದ್ಯೆಯನ್ನು 1920ರ ದಶಕದಲ್ಲಿ ಜಪಾನಿನವರು ರೂಢಿಗೆ ತಂದರು. ಅದು ಪಳಗಿದ ಕೈಗಳ ಕೆಲಸ. ಮನೆಯಲ್ಲಿ ಒತ್ತಿ ನೋಡಲು ಹೋದರೆ ಮರಿಯ ಕರುಳಿಗೇ ಪೆಟ್ಟಾದೀತು.

ಉಳಿದದ್ದು ಕಾಯುವುದು. ಐದಾರು ವಾರಕ್ಕೆ ಜುಟ್ಟು ನೋಡಿ. ಒಂದೇ ತಳಿಯ ಮರಿಗಳನ್ನು ಪಕ್ಕಪಕ್ಕ ಇಟ್ಟೇ ಹೋಲಿಸಬೇಕು. ಲೆಗ್‌ಹಾರ್ನ್ ಹೇಂಟೆಯ ಜುಟ್ಟು ಬೇರೆ ತಳಿಯ ಹುಂಜಕ್ಕಿಂತ ಬೇಗ ಕೆಂಪಾಗಬಹುದು. ಜುಟ್ಟು ಅಗಲವಾಗಿ, ಗಾಢ ಗುಲಾಬಿಯಾಗಿ, ಕಾಲು ದಪ್ಪಗಿದ್ದು ಬಾಲ ಇನ್ನೂ ಮೋಟಾಗಿದ್ದರೆ ಹುಂಜ ಇರಬಹುದು. ಇರಬಹುದು ಅಷ್ಟೇ. ಗಟ್ಟಿಯಾಗಿ ಹೇಳಬೇಕೆಂದರೆ ಹತ್ತರಿಂದ ಹದಿನಾಲ್ಕು ವಾರದವರೆಗೆ ತಡೆಯಿರಿ. ಹಕ್ಕಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಬಾಲ ಶುರುವಾಗುವ ಮುಂಚಿನ ಬೆನ್ನಿನ ಗರಿಯೊಂದನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿಯಿರಿ. ತುದಿ ಉಗುರಿನಂತೆ ದುಂಡಗಿದ್ದರೆ ಹೇಂಟೆ. ಸಣ್ಣಗೆ, ಚೂಪಾಗಿ, ಮಿರಮಿರ ಹೊಳೆಯುತ್ತಾ ಇಳಿಬಿದ್ದಿದ್ದರೆ ಹುಂಜ. ಸಿಲ್ಕಿ ತಳಿಗೆ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ, ಅದರ ಮೈಮೇಲೆ ಗರಿಗಿಂತ ರೇಷ್ಮೆಯೇ ಜಾಸ್ತಿ. ನಾನೇ ಒಮ್ಮೆ ಒಂದು ಸಿಲ್ಕಿಗೆ ಹೆಣ್ಣು ಹೆಸರಿಟ್ಟು, ಮೊಟ್ಟೆ ಇಡಲು ಬುಟ್ಟಿ ಹಾಸಿ ಕಾದಿದ್ದೆ. ಒಂದು ಬೆಳಗ್ಗೆ ಅದೇ ಬುಟ್ಟಿಯ ಮೇಲೆ ಹತ್ತಿ ಕೂಗಿತು.

ಪ್ರಶ್ನೆ: ಕಪ್ಪು ಆಸ್ಟ್ರಲಾರ್ಪ್ ಮರಿ ಅಂತ ಕೊಟ್ಟರು. ನೋಡಿದರೆ ಹೊಟ್ಟೆಯೆಲ್ಲಾ ತಿಳಿ ಹಳದಿ. ಮೋಸ ಹೋದೆವಾ?

ಉತ್ತರ: ಇಲ್ಲ. ಕಪ್ಪು ಆಸ್ಟ್ರಲಾರ್ಪ್ ಮರಿ ಇರುವುದೇ ಹಾಗೆ. ಹೊಟ್ಟೆ, ರೆಕ್ಕೆಯ ತುದಿ ಬೆಳ್ಳಗಿರುತ್ತವೆ, ಗರಿ ಬಂದಂತೆ ಕಪ್ಪಾಗುತ್ತವೆ. ತುಪ್ಪಳದ ಬಣ್ಣ ನಂಬಿ ತಳಿ ಹೇಳಲು ಹೋಗಬೇಡಿ. ಬದಲಾಗದ ಗುರುತು ಹುಡುಕಿ. ಬೆರಳು ಎಣಿಸಿ: ಹೆಚ್ಚಿನ ಕೋಳಿಗಳಿಗೆ ಕಾಲಿಗೆ ನಾಲ್ಕು, ಸಿಲ್ಕಿ ಮತ್ತು ಡಾರ್ಕಿಂಗ್‌ಗೆ ಐದು. ಕಾಲಿನ ಮೇಲೂ ತುಪ್ಪಳ ಇದ್ದರೆ ಬ್ರಹ್ಮ ಅಥವಾ ಕೊಚಿನ್‌ನ ರಕ್ತ ಇರಬಹುದು. ಕತ್ತು ಬೋಳಾಗಿದ್ದರೆ ಅದು ಹುಟ್ಟಿನಿಂದಲೇ ಬಂದ ಬೋಳುಕತ್ತು, ರೋಗ ಅಲ್ಲ. ಜುಟ್ಟು ಒಂಟಿ ಗರಗಸವೋ, ಮೂರು ಸಾಲಿನ ಬಟಾಣಿಯೋ ಅನ್ನುವುದೂ ಮೊದಲ ವಾರದಲ್ಲೇ ಕಾಣುತ್ತದೆ.

ಪ್ರಶ್ನೆ: ಬಲ್ಬ್ ಹಾಕಿದ್ದರೂ ರಾತ್ರಿಯಿಡೀ ಮರಿಗಳು ಕಿರುಚುತ್ತವೆ. ಶಾಖ ಎಷ್ಟಿರಬೇಕು?

ಉತ್ತರ: ಮೊದಲ ವಾರ 33ರಿಂದ 35 ಡಿಗ್ರಿ ಸೆಲ್ಸಿಯಸ್. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ 21ರ ಹತ್ತಿರ ತನ್ನಿ. ಥರ್ಮಾಮೀಟರನ್ನು ಮರಿಯ ಬೆನ್ನಿನ ಎತ್ತರಕ್ಕೆ ಇಡಿ. ಎಷ್ಟೋ ಜನ ಅದನ್ನು ಗೋಡೆಗೆ ನೇತುಹಾಕಿ, ಸರಿ ಇದೆಯಲ್ಲ ಅನ್ನುತ್ತಾರೆ. ಮರಿ ನಡೆಯುವುದು ನೆಲದ ಮೇಲೆ.

ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ರಾತ್ರಿ ಸದ್ದಿಲ್ಲದೆ ಹೋಗಿ ಇಣುಕಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಕಿರುಚುತ್ತಿದ್ದರೆ ಚಳಿ. ಗೋಡೆಗೆ ಅಂಟಿಕೊಂಡು, ಬಾಯಿ ತೆರೆದು, ರೆಕ್ಕೆ ಇಳಿಬಿಟ್ಟಿದ್ದರೆ ಸೆಕೆ. ಎಲ್ಲವೂ ಒಂದೇ ಮೂಲೆಗೆ ಸೇರಿದ್ದರೆ ಇನ್ನೊಂದು ಕಡೆಯಿಂದ ಗಾಳಿ ಬರುತ್ತಿದೆ. ಅಲ್ಲಲ್ಲಿ ಚದುರಿ, ಕತ್ತು ಚಾಚಿ ಸತ್ತಂತೆ ಮಲಗಿದ್ದರೆ ಸರಿಯಾಗಿದೆ (ಮೊದಲ ಸಲ ನೋಡಿದವರು ಗಾಬರಿಯಾಗುತ್ತಾರೆ). ಒಂದು ತುದಿಯಲ್ಲಿ ಮಾತ್ರ ಶಾಖ ಇರಲಿ, ಬೇಡವಾದಾಗ ಮರಿ ತಾನೇ ದೂರ ಹೋಗುತ್ತದೆ. ಬಲ್ಬನ್ನು ಬರೀ ವೈರಿನಲ್ಲಿ ನೇತುಹಾಕಬೇಡಿ. ಗಟ್ಟಿ ಸರಪಳಿಯೂ ಇರಲಿ. ನೆಲಕ್ಕೆ ಹಾಸಿದ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ. ನೆಲಕ್ಕೆ ಬರೀ ನ್ಯೂಸ್‌ಪೇಪರ್ ಹಾಸಿದ್ದರೆ ಅದನ್ನೂ ತೆಗೆಯಿರಿ, ಜಾರಿ ಜಾರಿ ಕಾಲುಗಳು ಎರಡು ಪಕ್ಕಕ್ಕೆ ಚಾಚಿಕೊಂಡುಬಿಡುತ್ತವೆ.

ಪ್ರಶ್ನೆ: ಒಂದು ಮರಿಗೆ ಹಿಕ್ಕೆ ಅಂಟಿ ಹಿಂದೆ ಗಟ್ಟಿಯಾಗಿದೆ. ಕಿತ್ತು ತೆಗೆಯಬಹುದಾ?

ಉತ್ತರ: ಕೀಳಬೇಡಿ, ಚರ್ಮವೂ ಬಂದೀತು. ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಒತ್ತಿ ಹಿಡಿಯಿರಿ. ಮೆತ್ತಗಾದ ಮೇಲೆ ಒರೆಸಿ, ಒಣಗಿಸಿ, ಶಾಖಕ್ಕೆ ಬಿಡಿ. ಹಾಗೇ ಬಿಟ್ಟರೆ ದಾರಿ ಮುಚ್ಚಿ ಮರಿ ಸಾಯಬಹುದು. ಎಚ್ಚರ: ಹೊಟ್ಟೆಯ ಕೆಳಗಿನ ಒಣಗಿದ ಕಪ್ಪು ಕಲೆ ಹೊಕ್ಕುಳು. ಅದನ್ನು ಮುಟ್ಟಲೇಬೇಡಿ.

ಇದಕ್ಕಿಂತ ದೊಡ್ಡ ಚಿಂತೆ ಮೂರರಿಂದ ಆರು ವಾರದ ನಡುವೆ ಬರುತ್ತದೆ. ಮರಿ ಮುದುಡಿ ನಿಂತು, ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಕ್ಸಿಡಿಯೋಸಿಸ್ ಅನ್ನುವ ಕರುಳಿನ ರೋಗ ಇರಬಹುದು, ಅದೇ ದಿನ ಪಶುವೈದ್ಯರ ಹತ್ತಿರ ಹೋಗಿ. ಅವರು ಅದಕ್ಕೆ ಆಂಪ್ರೋಲಿಯಂ ಔಷಧಿ ಕೊಟ್ಟರೆ ಆ ದಿನಗಳಲ್ಲಿ ವಿಟಮಿನ್ ಬಿ1 ಇರುವ ಟಾನಿಕ್ ಬೇಡ. ಆ ರೋಗಾಣುವಿಗೆ ಬಿ1 ಸಿಗದಂತೆ ಮಾಡುವುದೇ ಆ ಔಷಧಿಯ ಕೆಲಸ. ರೋಗ ಬೆಳೆಯುವುದು ಒದ್ದೆಯಲ್ಲಿ. ನೀರಿನ ಬಟ್ಟಲಿನ ಸುತ್ತಲಿನ ಹೊಟ್ಟನ್ನು ದಿನಾ ಬದಲಿಸಿ. ಮೊಟ್ಟೆ ಕೋಳಿಯ ಆಹಾರವನ್ನು ಮರಿಗೆ ಹಾಕುತ್ತಿದ್ದರೆ ಅದನ್ನೂ ನಿಲ್ಲಿಸಿ. ಅದರಲ್ಲಿರುವ ಕ್ಯಾಲ್ಸಿಯಂ ಮರಿಯ ಮೂತ್ರಪಿಂಡ ತಡೆಯುವುದಿಲ್ಲ.

ಪ್ರಶ್ನೆ: ಎಲ್ಲಾ ಮರಿ ಒಂದೇ ಥರ ಇವೆ. ಯಾವುದು ಯಾವುದು ಅಂತ ನೆನಪಿಡುವುದು ಹೇಗೆ?

ಉತ್ತರ: ಬಣ್ಣದ ಪ್ಲಾಸ್ಟಿಕ್ ಕಾಲುಂಗುರ ಹಾಕಿ, ವಾರಕ್ಕೊಮ್ಮೆ ಸಡಿಲಿಸಿ. ಮರಿಯ ಕಾಲು ಬೇಗ ದಪ್ಪಗಾಗುತ್ತದೆ, ಮರೆತರೆ ಉಂಗುರ ಚರ್ಮದೊಳಗೆ ಹೂತುಹೋಗುತ್ತದೆ. ಅಷ್ಟು ನೆನಪಿಡಲಾಗದು ಅನ್ನುವವರು ಕಾಲುಗುರಿಗೆ ನೇಲ್ ಪಾಲಿಶ್ ಹಚ್ಚಿ. ಕೆಲವೇ ದಿನ ಉಳಿಯುತ್ತದೆ, ಆದರೆ ಹಚ್ಚಲು ಮನೆಯ ಮಕ್ಕಳು ಸಾಲಾಗಿ ನಿಲ್ಲುತ್ತಾರೆ.