ಒದ್ದಾಡೋರ ಉಸಿರನ್ನೇ ನಿಲ್ಸೋದಾ ಡಾಕ್ಟ್ರೇ?

ಪ್ರಶ್ನೆ: ನಮ್ಮ ಭಾವನವ್ರಿಗೆ ಇಲಿಜ್ವರ ಬಂದು ಶ್ವಾಸಕೋಶಕ್ಕೆ ಇಳಿದು ಹಾಸನದಲ್ಲಿ ವೆಂಟಿಲೇಟರ್ ಹಾಕಿದಾರೆ. ಮೊನ್ನೆ ತನಕ ಎದೆ ಎತ್ತೆತ್ತಿ ಉಸಿರು ಎಳೀತಿದ್ರು, ಈಗ ಮಸಲ್ ರಿಲ್ಯಾಕ್ಸೆಂಟ್ ಹಾಕಿ ಅದನ್ನೂ ನಿಲ್ಸಿದೀವಿ ಅಂತಾರೆ. ಅಕ್ಕ ಊಟ ಬಿಟ್ಟು ಕೂತಿದಾಳೆ. ಅವ್ರಿಗೆ ಎಚ್ಚರ ಇರುತ್ತಾ? ಆಮೇಲೆ ತಾವೇ ಉಸಿರಾಡ್ತಾರಾ?
– ಓದುಗರು, ಸಕಲೇಶಪುರ

ಉತ್ತರ: ಮೊದ್ಲು ಅಕ್ಕಂಗೆ ಊಟ ಮಾಡ್ಸಿ. ನಿಲ್ಸಿರೋದು ಅವರ ಸ್ವಂತ ಎಳೆತ ಮಾತ್ರ, ಉಸಿರನ್ನ ಮಷೀನು ಕೊಡ್ತಾನೇ ಇದೆ.

ಇಂಥ ಕಾಯಿಲೇಲಿ ಶ್ವಾಸಕೋಶದ ಬಹುಪಾಲು ನೀರು ತುಂಬಿ ಗಾಳಿಗೆ ಉಳಿಯೋ ಜಾಗ ಸ್ವಲ್ಪಾನೇ, ಅದಕ್ಕೇ ಒಂದೊಂದು ಉಸಿರೂ ಚಿಕ್ಕದಾಗಿ ಅಳೆದು ಕೊಡ್ತಾರೆ, ಎತ್ತರದ ಲೆಕ್ಕದಲ್ಲಿ ಬರೋ ತೂಕದ ಕೆಜಿಗೆ 6 ಎಂಎಲ್, ಅಂದ್ರೆ ಐದೂವರೆ ಅಡಿ ಗಂಡಸಿಗೆ ಸುಮಾರು 380 ಎಂಎಲ್, ಹೊಟ್ಟೆ ಎಷ್ಟೇ ಬೆಳೆದಿದ್ರೂ ಅಷ್ಟೇ. ರೋಗಿಗೆ ಅದು ಸಾಕಾಗಲ್ಲ ಅನ್ಸುತ್ತೆ, ಮಷೀನ್ ಕೊಟ್ಟಿದ್ದು ಹೊರಗೆ ಬರೋಕ್ ಮುಂಚೇನೇ ಜೋರಾಗಿ ಇನ್ನೊಂದು ಎಳೀತಾರೆ, ಮಷೀನೂ ಕೊಟ್ಬಿಡುತ್ತೆ, ಒಂದರ ಮೇಲೊಂದು ಕೂತು 700 ದಾಟುತ್ತೆ. ಉಳಿದಿರೋ ಒಳ್ಳೆ ಭಾಗಾನೂ ಹಿಗ್ಗಿ ಹಾಳಾಗೋದು ಹಿಂಗೇ. ಡಯಲ್‌ನಲ್ಲಿ ಪ್ರೆಶರ್ ಸುರಕ್ಷಿತ ಮಿತಿ 30ರ ಒಳಗಿದ್ರೂ ರೋಗಿ ಒಳಗಿಂದ ಎಳೆಯೋ ಜೋರು ಅದ್ರಲ್ಲಿ ಪೂರ್ತಿ ಕಾಣಲ್ಲ, ಮೋಸ ಇರೋದೇ ಅಲ್ಲಿ. ಈ ಎಳೆತ ತಡೆಯೋಕೇ ರಿಲ್ಯಾಕ್ಸೆಂಟ್.

ಎಚ್ಚರದ ವಿಷ್ಯ. ಈ ಔಷಧಿ ನಿದ್ದೆ ಬರ್ಸಲ್ಲ, ನೋವೂ ಕಳೆಯಲ್ಲ, ಬರೀ ಸ್ನಾಯು ಸಡಿಲ ಮಾಡಿ ಅಲ್ಲಾಡದಂಗೆ ಮಾಡುತ್ತೆ. ಅದಕ್ಕೇ ಮೊದ್ಲು ಗಾಢ ನಿದ್ದೆಗೂ ನೋವಿಗೂ ಕೊಟ್ಟು ಆಮೇಲೇ ಇದು. ಮಣಿಕಟ್ಟಿಗೆ ವೈರ್ ಅಂಟ್ಸಿ ಹೆಬ್ಬೆರಳು ಎಷ್ಟು ಸಲ ಅದುರುತ್ತೆ ಅಂತ ಎಣಿಸ್ತಿದ್ರೆ ಡೋಸ್ ನೋಡ್ತಿದಾರೆ ಅಂತ. ಕಣ್ಣಿಗೆ ಜೆಲ್ ಹಚ್ಚೋದು ಯಾಕಂದ್ರೆ ರೆಪ್ಪೆ ಮಿಟುಕಲ್ಲ, ಒಣಗುತ್ತೆ.

ಎಲ್ರಿಗೂ ಬೇಕಾ? ಇಲ್ಲ. 2010ರಲ್ಲಿ ಫ್ರಾನ್ಸ್‌ನಲ್ಲಿ 340 ಜನರ ಮೇಲೆ 48 ಗಂಟೆ ಈ ಔಷಧಿ ಕೊಟ್ಟು ನೋಡಿದಾಗ ಸಾವು ಕಮ್ಮಿ ಅನ್ಸಿತ್ತು, 2019ರಲ್ಲಿ ಅಮೆರಿಕದಲ್ಲಿ ಸಾವಿರ ಜನರಲ್ಲಿ ನೋಡಿದ್ರೆ ಹಗುರ ನಿದ್ದೇಲಿ ಇಟ್ಟೋರಿಗೂ ರಿಲ್ಯಾಕ್ಸೆಂಟ್ ಕೊಟ್ಟೋರಿಗೂ ಸಾವಿನಲ್ಲಿ ವ್ಯತ್ಯಾಸಾನೇ ಇಲ್ಲ. ಹಂಗಾಗಿ ನನ್ ಪ್ರಕಾರ ನಿಮ್ ಭಾವನವ್ರ ಥರ ಮಷೀನ್ ಜೊತೆ ಗುದ್ದಾಡೋರಿಗೆ, ಬೋರಲು ಮಲಗ್ಸೋವಾಗ, ಅದೂ ಒಂದೆರಡು ದಿನ ಸರಿ. ಜಾಸ್ತಿ ದಿನ ಎಳೆದ್ರೆ ವಪೆ, ಅಂದ್ರೆ ಎದೆ-ಹೊಟ್ಟೆ ಮಧ್ಯದ ಉಸಿರೆಳೆಯೋ ಸ್ನಾಯು, ಸೊರಗುತ್ತೆ, ಮಷೀನ್ ಬಿಡ್ಸೋದು ಕಷ್ಟ.

ಇಲಿಜ್ವರದಲ್ಲಿ ಕಿಡ್ನಿಗೂ ಏಟು ಬಿದ್ದಿರಬಹುದು, ಅಟ್ರಾಕ್ಯೂರಿಯಂ ಥರದ ರಿಲ್ಯಾಕ್ಸೆಂಟ್ ಆದ್ರೆ ಕಿಡ್ನಿನ ಕಾಯದೆ ರಕ್ತದಲ್ಲೇ ಒಡೆದು ಹೋಗುತ್ತೆ, ನಿಲ್ಸಿದ ಗಂಟೆ ಎರಡು ಗಂಟೇಲಿ ಸ್ನಾಯು ವಾಪಸ್ ಬರುತ್ತೆ. ತಾವೇ ಉಸಿರಾಡೋದು ಶ್ವಾಸಕೋಶ ಎಷ್ಟು ಬೇಗ ಸುಧಾರಿಸುತ್ತೆ ಅನ್ನೋದ್ರ ಮೇಲೆ. ರೌಂಡ್ಸ್‌ಗೆ ಬಂದಾಗ "ರಿಲ್ಯಾಕ್ಸೆಂಟ್ ಯಾವತ್ತು ನಿಲ್ಸಿ ನೋಡ್ತೀರಾ ಸಾರ್" ಅಂತ ದಿನಾ ಕೇಳಿ, ಯಾರೂ ಬೇಜಾರ್ ಮಾಡ್ಕೊಳಲ್ಲ.