ಟೀಚರ್‌ಗೆ ಕೇಳಿ: ‘ನಾನು’ ಅನ್ನಬಾರದಿದ್ದ ದೇಶ

ಹೋದ ತಿಂಗಳು ಈ ಪುಟದಲ್ಲಿ ಕಾಂಬೋಡಿಯಾದ ಬಗ್ಗೆ ಬರೆದಿದ್ದೆ. ನಾನು, ಮಗಳು ಅಂಗ್ಕೋರ್ ವಾಟ್ ನೋಡಲು ಹೋದದ್ದು, ಅಲ್ಲಿಂದ ರಾಜಧಾನಿ ನೋಮ್ ಪೆನ್‌ಗೆ ಬಂದು ತೂಲ್ ಸ್ಲೆಂಗ್ ಎಂಬ ಹಳೇ ಹೈಸ್ಕೂಲಿನ ಒಳಗೆ ಕಾಲಿಟ್ಟದ್ದು. 1975ರಿಂದ 1979ರವರೆಗೆ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಕ್ಷ ಆಳಿದಾಗ ಆ ಶಾಲೆಯೇ ಜೈಲಾಗಿತ್ತು. 12,000ಕ್ಕೂ ಹೆಚ್ಚು ಜನರನ್ನು ಅಲ್ಲಿಗೆ ತಂದು, ಎದೆಗೆ ನಂಬರ್ ಚುಚ್ಚಿ ಫೋಟೊ ತೆಗೆದು, ಹಿಂಸೆ ಕೊಟ್ಟು ಕೊಂದರು. ಮೂವತ್ತೊಂದು ವರ್ಷ ಮಕ್ಕಳಿಗೆ ಸಮಾಜ ಪಾಠ ಮಾಡಿದವಳು ನಾನು. ತರಗತಿಯೊಳಗೆ ಇಟ್ಟಿಗೆ ಗೋಡೆ ಎಬ್ಬಿಸಿ ಮಾಡಿದ ಆ ಗೂಡುಗಳನ್ನು ನೋಡಿದ ಮೇಲೆ ಬಹಳ ದಿನ ನಿದ್ದೆ ಬರಲಿಲ್ಲ. ಈ ಸಲ ಬಂದ ಕಾಗದಗಳೆಲ್ಲ ಹೆಚ್ಚುಕಡಿಮೆ ಅದರ ಬಗ್ಗೆಯೇ ಇವೆ. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಇಡೀ ದೇಶ ಒಂದೇ ಥರ ಬಟ್ಟೆ ಹಾಕಿತು, ಒಂದೇ ಥರ ಮಾತಾಡಿತು ಅಂತ ಬರೆದಿದ್ದೀರಿ. ಜನ ಯಾಕೆ ಒಪ್ಪಿದರು? ಒಬ್ಬರಾದರೂ ಆಗಲ್ಲ ಅನ್ನಲಿಲ್ವಾ?
— ಬಿ.ಎ. ವಿದ್ಯಾರ್ಥಿ, ಧಾರವಾಡ

ಅವರನ್ನು ಯಾರೂ ಕೇಳಲೇ ಇಲ್ಲಪ್ಪ. 1975ರ ಏಪ್ರಿಲ್ 17ರಂದು ಕಪ್ಪು ಬಟ್ಟೆ ತೊಟ್ಟ ಖ್ಮೇರ್ ರೂಜ್ ಹುಡುಗರು ಬಂದೂಕು ಹಿಡಿದು ನೋಮ್ ಪೆನ್‌ಗೆ ಬಂದರು. ದೇಶದೊಳಗಿನ ಯುದ್ಧ ಮುಗಿಯಿತು ಅಂತ ಜನ ಬೀದಿಗೆ ಬಂದು ಖುಷಿಪಟ್ಟರು. ಅವತ್ತೇ ಹೇಳಿಕೆ ಬಂತು: ಅಮೆರಿಕದವರು ಬಾಂಬ್ ಹಾಕುತ್ತಾರೆ, ಎಲ್ಲರೂ ಊರು ಬಿಡಿ, ಮೂರು ದಿನಕ್ಕೆ ವಾಪಸ್ ಬರಬಹುದು. 1973ರವರೆಗೆ ಅಮೆರಿಕದ ವಿಮಾನಗಳು ಅಲ್ಲಿನ ಹಳ್ಳಿಗಳ ಮೇಲೆ ನಿಜವಾಗಿಯೂ ಬಾಂಬ್ ಸುರಿದಿದ್ದವು. ಹಾಗಾಗಿ ನಂಬಿದರು. 20 ಲಕ್ಷಕ್ಕೂ ಹೆಚ್ಚು ಜನ ರಸ್ತೆಗೆ ಬಿದ್ದರು. ಆಸ್ಪತ್ರೆಗಳನ್ನೂ ಖಾಲಿ ಮಾಡಿಸಿದರು. ರೋಗಿಗಳನ್ನು ಮಂಚದ ಸಮೇತ ತಳ್ಳಿಕೊಂಡು ಹೋದರು. ಏಪ್ರಿಲ್ ಅಂದರೆ ಅಲ್ಲಿ ಕಡು ಬೇಸಿಗೆ. ಆ ಮೂರು ದಿನ ಮುಗಿಯಲು ಮೂರು ವರ್ಷ, ಎಂಟು ತಿಂಗಳು, ಇಪ್ಪತ್ತು ದಿನ ಬೇಕಾಯಿತು. ಅಲ್ಲಿಯವರು ಇವತ್ತಿಗೂ ಆ ಲೆಕ್ಕವನ್ನು ಹೀಗೇ ದಿನ ಬಿಡದೆ ಹೇಳುತ್ತಾರೆ.

ಊರು ಬಿಡಿಸಿದ ಮೇಲೆ ಮನುಷ್ಯನಿಗೆ ಏನು ಉಳಿಯುತ್ತದೆ, ನೀನೇ ಯೋಚನೆ ಮಾಡು. ಪಕ್ಕದ ಮನೆಯವರು ಎಲ್ಲೋ ಹೋದರು. ಅಂಗಡಿ ಇಲ್ಲ, ಸಂತೆ ಇಲ್ಲ, ಅಂಚೆ ಇಲ್ಲ, ಶಾಲೆ ಇಲ್ಲ. ದುಡ್ಡೇ ರದ್ದಾಯಿತು. ದೇಶದ ದೊಡ್ಡ ಬ್ಯಾಂಕಿನ ಕಟ್ಟಡವನ್ನೇ ಸಿಡಿಸಿಬಿಟ್ಟರು. ಬೌದ್ಧ ಭಿಕ್ಷುಗಳ ಕಾವಿ ಬಿಚ್ಚಿಸಿದರು. ಆಳುವವರು ಯಾರು ಅಂತಲೂ ಯಾರಿಗೂ ಗೊತ್ತಿರಲಿಲ್ಲ. ಅವರು ಹೇಳುತ್ತಿದ್ದದ್ದು ಒಂದೇ ಪದ, ಅಂಗ್ಕಾರ್. ಅಂದರೆ ‘ಸಂಘಟನೆ’. ಅಂಗ್ಕಾರ್ ಹೇಳಿತು, ಅಂಗ್ಕಾರ್ ಕರೆಯಿತು. ಅದಕ್ಕೆ ಅನಾನಸ್ ಹಣ್ಣಿಗಿರುವಷ್ಟು ಕಣ್ಣು ಅಂತ ಜನರನ್ನು ಹೆದರಿಸುತ್ತಿದ್ದರು. ಆ ಕಣ್ಣುಗಳಲ್ಲಿ ಮಕ್ಕಳ ಕಣ್ಣೂ ಇದ್ದವು. ಅಪ್ಪ ಅಮ್ಮ ರಾತ್ರಿ ಏನು ಪಿಸುಗುಟ್ಟಿದರು ಅಂತ ಮಕ್ಕಳಿಂದಲೇ ಹೇಳಿಸುತ್ತಿದ್ದರು.

ಬಣ್ಣದ ಬಟ್ಟೆಯನ್ನು ಒಂದು ಕಾಯಿಯ ರಸದಲ್ಲಿ ಅದ್ದಿ ಕಪ್ಪು ಮಾಡಿಕೊಳ್ಳಬೇಕಿತ್ತು. ಹೆಂಗಸರು ಕೂದಲನ್ನು ಕುತ್ತಿಗೆವರೆಗೆ ಕತ್ತರಿಸಿಕೊಳ್ಳಬೇಕಿತ್ತು. ಕಾಲಿಗೆ ಟೈರಿನ ಚಪ್ಪಲಿ. ಇಷ್ಟು ಕಣ್ಣಿಗೆ ಕಾಣುವ ಮಾತು. ನನ್ನನ್ನು ಜಾಸ್ತಿ ಕಾಡಿದ್ದು ಭಾಷೆಗೆ ಮಾಡಿದ ಕೆಲಸ.

ನಮ್ಮಲ್ಲಿ ಉಣ್ಣು, ತಿನ್ನು, ಪ್ರಸಾದ ಸ್ವೀಕರಿಸು, ಮೇಯು ಅಂತ ಬೇರೆ ಬೇರೆ ಇಲ್ವಾ? ಅಲ್ಲಿಯವರ ಖ್ಮೇರ್ ಭಾಷೆಯಲ್ಲೂ ಭಿಕ್ಷುವಿಗೆ ಒಂದು ಪದ, ಹಿರಿಯರಿಗೆ ಒಂದು, ದನಕ್ಕೆ ಒಂದು. ಅವನ್ನೆಲ್ಲ ತೆಗೆದು ಒಂದೇ ಉಳಿಸಿದರು. ಎಲ್ಲರೂ ಎಲ್ಲರನ್ನೂ ‘ಮಿತ್’ ಅನ್ನಬೇಕು. ಅದು ನಮ್ಮ ‘ಮಿತ್ರ’ ಪದವೇ, ಬಹಳ ಹಿಂದೆಯೇ ಅಲ್ಲಿಗೆ ಹೋಗಿ ನೆಲೆಸಿದ್ದು. ಇಷ್ಟು ಒಳ್ಳೆಯ ಪದ ಕೇಳಿದರೆ ಜನ ನಡುಗುವ ಹಾಗೆ ಮಾಡಿದರು. ‘ನಾನು’ ಅನ್ನುವುದಕ್ಕೆ ಅಲ್ಲಿ ‘ಖ್ಞೊಮ್’ ಅನ್ನುತ್ತಾರೆ. ಅದರ ಹಳೇ ಅರ್ಥ ಆಳು, ದಾಸ. ಅಂಥ ಪದ ಹೋಗಲಿ ಬಿಡಿ ಅನ್ನಿಸಬಹುದು. ಆದರೆ ಅದರ ಜಾಗಕ್ಕೆ ಮರ್ಯಾದೆಯ ಇನ್ನೊಂದು ‘ನಾನು’ ತರಲಿಲ್ಲ. ‘ನಾವು’ ಅನ್ನಿ ಅಂದರು. ಹಳೆಯ ಮನೆ, ಹಳೆಯ ಊಟ, ಸತ್ತ ಗಂಡ, ಇವನ್ನು ನೆನೆದು ಮಂಕಾಗಿ ಕೂತರೆ ಅದಕ್ಕೂ ಹೆಸರಿಟ್ಟಿದ್ದರು: ನೆನಪಿನ ಕಾಯಿಲೆ. ಆ ಕಾಯಿಲೆಗೆ ಶಿಕ್ಷೆ ಇತ್ತು.

ಆಗಲ್ಲ ಅಂದವರು ಇದ್ದರು. ಅವರು ಉಳಿಯಲಿಲ್ಲ. ನೀನು ಇನ್ನೊಂದನ್ನೂ ತಿಳಿದುಕೊಳ್ಳಬೇಕು. ತೂಲ್ ಸ್ಲೆಂಗ್‌ನಲ್ಲಿ ಸತ್ತವರಲ್ಲಿ ಬಹಳ ಜನ ಆ ಪಕ್ಷದವರೇ. ಎಲ್ಲದಕ್ಕೂ ಹೂಂ ಅಂದವರು, ಹಾಗೆ ಹೂಂ ಅನ್ನಿ ಅಂತ ಬೇರೆಯವರಿಗೆ ಕಲಿಸಿದವರು. ಒಪ್ಪಿದರೂ ಉಳಿಗಾಲ ಇರಲಿಲ್ಲ.

ಪ್ರಶ್ನೆ: ನಮ್ಮೂರ ಜಾತ್ರೆಯಲ್ಲಿ ಸಾವಿರ ಜನ ಪಂಕ್ತಿಯಲ್ಲಿ ಕೂತು ಉಣ್ತೀವಿ. ಕೊಯ್ಲಿಗೆ ಮುಯ್ಯಾಳು ಹೋಗ್ತೀವಿ. ಒಟ್ಟಿಗೆ ದುಡಿದು ಒಟ್ಟಿಗೆ ಉಣ್ಣೋದರಲ್ಲಿ ತಪ್ಪೇನು? ಈಗಿನವರದ್ದೇ ‘ನಾನು, ನನ್ನದು’ ಜಾಸ್ತಿಯಾಯ್ತು ಅನ್ನಿಸಲ್ವಾ ಮೇಡಂ?
— ರೈತರು, ತಿಪಟೂರು

ತಪ್ಪೇನೂ ಇಲ್ಲ. ನಿಮ್ಮ ಕಾಗದ ಓದಿ ಅಮ್ಮ ಕಣ್ಣ ಮುಂದೆ ಬಂದರು. ಹಾಸನದ ಕಡೆಯ ನಮ್ಮ ಹಳ್ಳಿಯಲ್ಲಿ ನಾಟಿ ಶುರುವಾದರೆ ಹದಿನೈದು ದಿನ ಅಮ್ಮ ಮುಯ್ಯಾಳಾಗಿ ಊರ ಗದ್ದೆಗಳನ್ನೆಲ್ಲ ಸುತ್ತುತ್ತಿದ್ದರು. ಆದರೆ ಮುಯ್ಯಿಯ ಲೆಕ್ಕ ನಿಮಗೆ ಗೊತ್ತಲ್ಲ. ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಅಂದರೆ ನಿಮ್ಮ ಗದ್ದೆಯೂ ಇದೆ, ನನ್ನ ಗದ್ದೆಯೂ ಇದೆ. ಮೈ ಸರಿಯಿಲ್ಲ, ನಾಳಿದ್ದು ಬರ್ತೀನಿ ಅಂತ ಹೇಳಿ ಕಳಿಸಬಹುದು. ಪಂಕ್ತಿಯಲ್ಲಿ ಉಂಡವರು ಎದ್ದು ಮನೆಗೆ ಹೋಗುತ್ತೀರಿ. ರಾತ್ರಿ ಒಲೆ ಹಚ್ಚಿ ನಿಮ್ಮ ನಾಲಿಗೆಗೆ ಬೇಕಾದಷ್ಟು ಹುಳಿ, ಖಾರ ಹಾಕಿಕೊಳ್ಳುತ್ತೀರಿ.

ಕಾಂಬೋಡಿಯಾದಲ್ಲಿ ಆ ಒಲೆಯನ್ನೇ ಕಿತ್ತುಕೊಂಡರು. 1976ರಿಂದ ಒಂದೊಂದೇ ಕಡೆ ಮನೆಯ ಪಾತ್ರೆಗಳನ್ನು ಒಯ್ದು ಊರಿಗೊಂದು ಊಟದ ಚಪ್ಪರ ಹಾಕಿದರು. ಒಬ್ಬೊಬ್ಬರಿಗೆ ಉಳಿದದ್ದು ಒಂದು ಚಮಚ. ಗಂಟೆ ಹೊಡೆದಾಗ ಸಾಲಾಗಿ ಹೋಗಿ ಕೂರಬೇಕು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ದೊಡ್ಡ ಮಕ್ಕಳನ್ನು ಬೇರೆ ಗುಂಪು ಮಾಡಿ ದೂರ ಕಳಿಸಿದ್ದರು. ಅಕ್ಕಿಯನ್ನು ಅಲ್ಲಿ ಅಳೆಯುತ್ತಿದ್ದದ್ದು ಕಂಡೆನ್ಸ್ಡ್ ಮಿಲ್ಕ್ ಡಬ್ಬಿಯಲ್ಲಿ, ನಮ್ಮ ಪಾವಿನ ಹಾಗೆ. ಒಂದು ಡಬ್ಬಿ ಅಕ್ಕಿಯನ್ನು ಹಲವರಿಗೆ ಹಂಚಿ ಬರೀ ನೀರು ಗಂಜಿ ಮಾಡುತ್ತಿದ್ದರು. ತಳದಲ್ಲಿ ಅಗುಳು ಎಣಿಸಬಹುದಿತ್ತು.

ಬೆಳೆ ಇರಲಿಲ್ಲ ಅಂತಲ್ಲ. ಹೆಕ್ಟೇರಿಗೆ ಮೂರು ಟನ್ ಭತ್ತ ಬೆಳೆಯಲೇಬೇಕು ಅಂತ ಮೇಲಿನಿಂದ ಆಜ್ಞೆ ಬಂತು. ಬೇಸಾಯ ಮಾಡಿದ ನಿಮಗೆ ನಾನು ಹೇಳಬೇಕಾಗಿಲ್ಲ, ನೆಲ ಆಜ್ಞೆ ಕೇಳುವುದಿಲ್ಲ. ಅಷ್ಟು ಬೆಳೆಯಲಿಲ್ಲ ಅಂದರೆ ಊರ ಮುಖ್ಯಸ್ಥನ ತಲೆ ಹೋಗುತ್ತದೆ. ಅವನು ಬೆಳೆದಿದೆ ಅಂತ ಸುಳ್ಳು ಲೆಕ್ಕ ಬರೆದ. ಆ ಸುಳ್ಳು ಲೆಕ್ಕದ ಪಾಲನ್ನು ಮೇಲಿನವರು ನಿಜವಾದ ಭತ್ತದಲ್ಲಿ ಹೊತ್ತುಕೊಂಡು ಹೋದರು. ಒಂದಷ್ಟು ಚೀನಾಕ್ಕೂ ಹೋಯಿತು. ಬೆಳೆದವರು ಗದ್ದೆಯಲ್ಲೇ ಹಸಿದು ಸತ್ತರು. ಹಸಿವು, ರೋಗ, ಕೊಲೆ ಎಲ್ಲ ಸೇರಿ ಸತ್ತವರು 17 ಲಕ್ಷದಿಂದ 20 ಲಕ್ಷ ಅಂತ ಲೆಕ್ಕ. ದೇಶದ ಜನಸಂಖ್ಯೆ ಇದ್ದದ್ದೇ 80 ಲಕ್ಷದ ಆಸುಪಾಸು.

ನಮಗೆ ಊರು ತೋರಿಸಿದ ಹೆಂಗಸಿಗೆ ಆಗ ಒಂಬತ್ತು ವರ್ಷವಂತೆ. ಗದ್ದೆಯಲ್ಲಿ ಒಂದು ಏಡಿ ಹಿಡಿದು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡು ತಮ್ಮನಿಗೆ ತಂದುಕೊಟ್ಟಳು. ಯಾರೋ ನೋಡಿದರು. ಅವತ್ತು ರಾತ್ರಿ ಸಭೆಯಲ್ಲಿ ಅವಳಮ್ಮ ಎಲ್ಲರ ಮುಂದೆ ನಿಂತು ಮಗಳದು ಸ್ವಾರ್ಥ ಅಂತ ತಪ್ಪೊಪ್ಪಿಕೊಳ್ಳಬೇಕಾಯಿತು. ಏಡಿ ಅಂಗ್ಕಾರ್‌ನದು, ತಮ್ಮನೂ ಅಂಗ್ಕಾರ್‌ನ ಮಗು. ಅಕ್ಕನಾದವಳು ಅವನಿಗೆ ಒಂದು ಏಡಿ ಕೊಟ್ಟರೆ ಕಳ್ಳತನ. ಅದನ್ನು ಹೇಳುವಾಗ ಆಕೆ ಅಳಲಿಲ್ಲ. ಅಮ್ಮನ ಆ ಚಮಚ ಇನ್ನೂ ಮನೆಯಲ್ಲಿದೆ, ಯಾರಿಗೂ ಬಳಸಲು ಕೊಡುವುದಿಲ್ಲ ಅಂದಳು.

ನೀವು ಕೇಳಿದ ಕೊನೆಯ ಮಾತಿಗೆ ನನ್ನ ಉತ್ತರ ಈ ಏಡಿಯಲ್ಲೇ ಇದೆ. ಈಗಿನವರಲ್ಲಿ ಸ್ವಾರ್ಥ ಜಾಸ್ತಿಯಾಗಿದೆ ಅಂತ ನನಗೂ ಬೇಜಾರಿದೆ. ಆದರೆ ಕೊಡಬೇಕಾದರೆ ಕೈಯಲ್ಲಿ ನನ್ನದು ಅಂತ ಒಂದು ಇರಬೇಕು. ನನ್ನ ತಮ್ಮ ಅಂತ ಒಬ್ಬ ಇರಬೇಕು. ಅವೆರಡನ್ನೂ ಕಿತ್ತುಕೊಂಡರೆ ಹಂಚಿ ತಿನ್ನುವುದೂ ಸಾಯುತ್ತದೆ. ಒಲೆಯ ಮೇಲೆ ಅವರಿಗೆ ಯಾಕೆ ಅಷ್ಟು ಕೋಪ ಅಂತ ನಾನು ತುಂಬ ಯೋಚಿಸಿದ್ದೇನೆ. ಒಲೆ ಇದ್ದರೆ ಸುತ್ತ ನಾಲ್ಕು ಜನ ಕೂರುತ್ತಾರೆ. ಕೂತರೆ ಮಾತು ಬರುತ್ತದೆ. ಆ ಮಾತು ಅವರಿಗೆ ಬೇಡವಾಗಿತ್ತು.

ಪ್ರಶ್ನೆ: ಅಷ್ಟೆಲ್ಲ ಮಾಡಿ ಎಲ್ಲರೂ ಸಮಾನರಾದರೂ ಆದರಾ?
— ಓದುಗರು, ಕುಂದಾಪುರ

ಇಲ್ಲ. ಮೊದಲಿಂದ ಹಳ್ಳಿಯಲ್ಲಿದ್ದವರು ‘ಹಳಬರು’, ಪಟ್ಟಣದಿಂದ ಬಂದವರು ‘ಹೊಸಬರು’. ಹೊಸಬರಿಗೆ ಗಂಜಿಯೂ ಕಡಿಮೆ. ಅವರಿಗೆ ಹೇಳುತ್ತಿದ್ದ ಮಾತು ಹೀಗಿತ್ತು: ನಿನ್ನನ್ನು ಇಟ್ಟುಕೊಂಡರೆ ಲಾಭವಿಲ್ಲ, ಕಳೆದುಕೊಂಡರೆ ನಷ್ಟವಿಲ್ಲ. ಚಾಮ್ ಮುಸ್ಲಿಮರು ಮತ್ತು ವಿಯೆಟ್ನಾಮೀಯರನ್ನು ಹುಡುಕಿ ಕೊಂದರು. ಅದು ಜನಾಂಗ ಹತ್ಯೆಯೇ ಹೌದು ಅಂತ 2018ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಪಕ್ಷದ ಮುಖಂಡರ ಹೊಟ್ಟೆ ತುಂಬಿತ್ತು.

ಪ್ರಶ್ನೆ: ನನಗೀಗ 71 ವರ್ಷ. ಮದುವೆ ದಿನ ತಟ್ಟೆಯಲ್ಲಿ ಅಕ್ಕಿ ಹರವಿ ಅದರ ಮೇಲೆ ನನಗೆ ಹೊಸ ಹೆಸರು ಬರೆದರು. ಅವತ್ತಿಂದ ತವರಿನ ಹೆಸರಲ್ಲಿ ಯಾರೂ ಕರೆದಿಲ್ಲ. ಗಂಡ, ಮಕ್ಕಳು ಎಲ್ಲ ಒಳ್ಳೆಯವರು. ನಿಮ್ಮ ಲೇಖನದಲ್ಲಿ ಎದೆಗೆ ನಂಬರ್ ಚುಚ್ಚಿದ ಫೋಟೊಗಳ ಬಗ್ಗೆ ಓದಿ ಯಾಕೋ ತುಂಬ ಅತ್ತೆ. ಇಷ್ಟಕ್ಕೆಲ್ಲ ಅಳೋದು ತಪ್ಪಾ?
— ಹೆಸರು ಪ್ರಕಟಿಸಬೇಡಿ, ವಿಜಯಪುರ

ಅಕ್ಕಾ, ಖಂಡಿತ ತಪ್ಪಲ್ಲ. ಆ ಜನರ ಕಷ್ಟವೂ ನಿಮ್ಮ ಕಷ್ಟವೂ ಒಂದೇ ಅಂತ ನಾನು ಹೇಳುವುದಿಲ್ಲ, ನೀವೂ ಹಾಗೆ ಬರೆದಿಲ್ಲ. ನಿಮ್ಮನ್ನು ಪ್ರೀತಿಸಿದವರೇ ಹೆಸರು ಬದಲಿಸಿದರು. ಅದಕ್ಕೇ ಇಷ್ಟು ವರ್ಷ ಯಾರ ಹತ್ತಿರವೂ ಹೇಳಿಕೊಳ್ಳಲು ಆಗಿಲ್ಲ, ಅಲ್ವಾ?

ಹೆಸರಿನ ವಿಷಯ ಬಂದದ್ದರಿಂದ ಎರಡು ಸಂಗತಿ ಹೇಳುತ್ತೇನೆ. ಆ ದೇಶ ಆಳಿದ ಪೋಲ್ ಪಾಟ್‌ನ ನಿಜವಾದ ಹೆಸರು ಸಲೋತ್ ಸಾರ್. ಅವನ ಸ್ವಂತ ಅಣ್ಣನೂ ಎಲ್ಲರ ಹಾಗೆ ಊರು ಬಿಟ್ಟು ಹಳ್ಳಿಯಲ್ಲಿ ದುಡಿಯುತ್ತಿದ್ದ. ಆಳುತ್ತಿರುವವನು ತನ್ನ ತಮ್ಮ ಅಂತ ಅವನಿಗೆ ಗೊತ್ತಾದದ್ದು 1978ರಲ್ಲಿ, ಊಟದ ಚಪ್ಪರದಲ್ಲಿ ತೂಗುಹಾಕಿದ ಚಿತ್ರ ನೋಡಿದಾಗ.

ಇನ್ನೊಂದು ಹೇಂಗ್ ನ್ಗೋರ್ ಎಂಬ ವೈದ್ಯರದು. ಹೆರಿಗೆ ಡಾಕ್ಟರು. ಓದಿದವರನ್ನು ಕೊಲ್ಲುತ್ತಿದ್ದರಿಂದ ಟ್ಯಾಕ್ಸಿ ಓಡಿಸುತ್ತಿದ್ದೆ ಅಂತ ಸುಳ್ಳು ಹೇಳಿ ಬದುಕಿದರು. 1978ರಲ್ಲಿ ಹೆಂಡತಿಗೆ ಹೆರಿಗೆ ಕಷ್ಟವಾಯಿತು. ಆಪರೇಷನ್ ಮಾಡಲು ಸಲಕರಣೆ ಇಲ್ಲ. ಡಾಕ್ಟರ್ ಅಂತ ಗೊತ್ತಾದರೆ ಎಲ್ಲರಿಗೂ ಸಾವು. ಕಣ್ಣೆದುರೇ ತಾಯಿ, ಮಗು ಹೋದರು. ಅವರು ಮುಂದೆ ಅಮೆರಿಕಕ್ಕೆ ಹೋಗಿ, ಇದೇ ದುರಂತದ ಸಿನಿಮಾದಲ್ಲಿ ನಟಿಸಿ 1985ರಲ್ಲಿ ಆಸ್ಕರ್ ಪಡೆದರು. ಹೆಂಡತಿಯ ಫೋಟೊ ಇದ್ದ ಲಾಕೆಟ್ ಕೊನೆಯವರೆಗೂ ಕೊರಳಲ್ಲಿತ್ತು.

ತೂಲ್ ಸ್ಲೆಂಗ್‌ನ ಆ ಫೋಟೊಗಳ ಮುಂದೆ ಜನ ಬಂದು ತಮ್ಮವರನ್ನು ಹುಡುಕಿದ್ದಾರೆ. ಒಬ್ಬ ತಾಯಿ, ಒಬ್ಬ ತಂಗಿ ಬಂದು ಇವನು ನಮ್ಮವನು ಅಂದಾಗ ನಂಬರ್ ಹೋಗಿ ಒಂದು ಹೆಸರು ವಾಪಸ್ ಬಂದಿದೆ. ಇನ್ನೂ ಎಷ್ಟೋ ಮುಖಗಳಿಗೆ ಹೆಸರಿಲ್ಲ. ನಿಮ್ಮ ಹಾಗೆಯೇ ಅಲ್ಲಿ ನಿಂತು ನಾನೂ ಅತ್ತೆ.

ಈ ಐವತ್ತು ವರ್ಷದ ಹೆಸರೂ ನಿಮ್ಮದೇ, ಅದನ್ನು ಬಿಡಿ ಅಂತ ಯಾಕೆ ಹೇಳಲಿ? ಆದರೆ ಒಂದು ಕೇಳುತ್ತೇನೆ. ಮೊಮ್ಮಕ್ಕಳು ಬಂದಾಗ ಹಳೆಯ ಹೆಸರು ಹೇಳಿ. ಅದನ್ನು ಯಾರು ಇಟ್ಟರು, ಯಾಕೆ ಇಟ್ಟರು, ತವರಲ್ಲಿ ಯಾರು ಹೇಗೆ ಕೂಗುತ್ತಿದ್ದರು, ಎಲ್ಲ ಹೇಳಿ. ಕಾಗದದ ಕೊನೆಯಲ್ಲಿ ಎರಡು ಹೆಸರನ್ನೂ ಬರೆದು ಮೊದಲನೆಯದನ್ನು ಹೊಡೆದು ಹಾಕಿದ್ದೀರಿ. ಆದರೂ ಓದಲು ಬರುತ್ತದೆ. ನಿಮಗೆ ಬೇರೆಯಾಗಿ ಒಂದು ಕಾಗದ ಬರೆದು ಅಂಚೆಗೆ ಹಾಕಿದ್ದೇನೆ. ಲಕೋಟೆಯ ಮೇಲೆ ಆ ಹೆಸರೇ ಇದೆ.