ಕ್ಯಾಮೆರಾಕ್ಕೂ ಒಂದು ಪಿರಿಯಡ್ ಬೇಡವೇ?

“ಮಗಳು ಇಲ್ಲಿ ಒಂಬತ್ತನೇ ತರಗತಿ. ನಮ್ಮ ಎಸ್ಸೆಸ್ಸೆಲ್ಸಿಯಂಥ ಜಿಸಿಎಸ್‌ಇ ಪರೀಕ್ಷೆಗೆ ಐಚ್ಛಿಕ ವಿಷಯವಾಗಿ ಫೋಟೊಗ್ರಫಿ ಬೇಕಂತೆ. ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇರುವಾಗ ಅದನ್ನು ಶಾಲೆಯಲ್ಲಿ ವರ್ಷಗಟ್ಟಲೆ ಕಲಿಯುವುದೇನಿದೆ? ಆ ಜಾಗಕ್ಕೆ ಕಂಪ್ಯೂಟರ್ ಸೈನ್ಸ್ ತಗೊಳ್ಳಲಿ ಅಂತ ನಾನು. ನೀವೇನಂತೀರಿ?”
– ದಾವಣಗೆರೆ ಮೂಲದ ಓದುಗರೊಬ್ಬರು, ರೆಡಿಂಗ್, ಇಂಗ್ಲೆಂಡ್

ಸ್ವಾಮಿ, ನಿಮ್ಮ ಲೆಕ್ಕಾಚಾರ ತಪ್ಪೆನ್ನಲಾರೆ. ಮಗಳ ಮುಂದಿನ ಅನ್ನದ ಚಿಂತೆ ತಂದೆಗೆ ಇರಲೇಬೇಕು. ಕಂಪ್ಯೂಟರ್ ಸೈನ್ಸ್ ಕೆಟ್ಟ ವಿಷಯವೂ ಅಲ್ಲ. ಆದರೆ ಇಂಗ್ಲಿಷು, ಗಣಿತ, ವಿಜ್ಞಾನ ಅಲ್ಲಿ ಹೇಗೂ ಕಡ್ಡಾಯ. ಹುಡುಗಿ ಕೇಳುತ್ತಿರುವುದು ಉಳಿದ ಕೆಲವು ಜಾಗಗಳಲ್ಲಿ ಒಂದನ್ನು. ಅದಕ್ಕೂ ಅಪ್ಪನೇ ಟವೆಲ್ ಹಾಕಿಬಿಟ್ಟರೆ ಹೇಗೆ?

ಫೋಟೊಗ್ರಫಿಗೆ ಅಲ್ಲಿ ಅಂಕ ಕೊಡುವ ಬಗೆ ನೋಡಿದ್ದೀರಾ? ನಾನು ಓದಿ ಹೊಟ್ಟೆಕಿಚ್ಚುಪಟ್ಟೆ. ಕೋರ್ಸಿನುದ್ದಕ್ಕೂ ಮಾಡಿದ ಕೆಲಸಕ್ಕೆ ನೂರಕ್ಕೆ 60. ಪರೀಕ್ಷಾ ಮಂಡಳಿ ಕೊಟ್ಟ ವಿಷಯ ಹಿಡಿದು ತಯಾರಿ ನಡೆಸಿ, ಕೊನೆಗೆ 10 ಗಂಟೆ ಮೇಲ್ವಿಚಾರಣೆಯಲ್ಲಿ ಕೂತು ಮುಗಿಸುವುದಕ್ಕೆ 40. ಈ ಎರಡಕ್ಕೂ ಅಂಕ ನಾಲ್ಕು ಸಮಪಾಲು: ಬೇರೆಯವರ ಕೃತಿ ನೋಡಿ ಆಲೋಚನೆ ಬೆಳೆಸಿದ್ದಕ್ಕೆ, ಪ್ರಯೋಗ ಮಾಡಿ ತಿದ್ದಿಕೊಂಡಿದ್ದಕ್ಕೆ, ಕಂಡದ್ದನ್ನೆಲ್ಲ ದಾಖಲಿಸಿದ್ದಕ್ಕೆ, ಆಮೇಲೆ ಕೃತಿಗೆ. ಅಂದರೆ ಗೋಡೆಗೆ ತೂಗುಹಾಕುವ ಚೆಂದದ ಫೋಟೊಗೆ ಸಿಗುವುದು ಕಾಲುಪಾಲು! ಹೊಳೆದದ್ದಕ್ಕೂ ಅಂಕ, ಹಾಳಾದದ್ದನ್ನು ತಿದ್ದಿದ್ದಕ್ಕೂ ಅಂಕ. ಉತ್ತರ ಸರಿಯೋ ತಪ್ಪೋ ಎಂಬುದರಾಚೆ ಏನನ್ನೂ ಕೇಳದ ಪರೀಕ್ಷೆಗಳಲ್ಲಿ ಬೆಳೆದ ನಿಮಗೂ ನನಗೂ ಇದು ನಂಬಲಾಗದ ಮಾತು.

ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ ಎಂದಿರಿ. ನಮ್ಮ ಪತ್ರಿಕೆಯ ಫೋಟೊ ಸ್ಪರ್ಧೆಗೆ ಬರುವ ರಾಶಿಯನ್ನು ನೀವೊಮ್ಮೆ ನೋಡಬೇಕು. ಬೆಳಕು ಸೊಗಸು, ಫೋಕಸ್ಸು ಕರಾರುವಾಕ್ಕು. ಮತ್ತೆ ಅದೇ ಸುಕ್ಕುಮುಖದ ಅಜ್ಜಿ, ಅದೇ ಧೂಳೆಬ್ಬಿಸುವ ಕುರಿಮಂದೆ, ಅದೇ ಮೀನು ಕಚ್ಚಿದ ಮಿಂಚುಳ್ಳಿ. ಆ ಅಜ್ಜಿಯ ಹೆಸರು ಕೇಳಿದವರು ಒಬ್ಬರಿಲ್ಲ. ಕಂಪನಿಯವರು ಕ್ಯಾಮೆರಾ ಕೊಟ್ಟರು, ನೋಡುವುದನ್ನು ಯಾರೂ ಹೇಳಿಕೊಡಲಿಲ್ಲ. ಶಾಲೆ ಇರುವುದೇ ಅದಕ್ಕೆ.

ನಮ್ಮ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರನ್ನೇ ನೋಡಿ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶನವಾದದ್ದು ಅವರು ತೆಗೆದ ಮಕ್ಕಳ ಚಿತ್ರಗಳು. ನಿಮ್ಮ ಮಗಳು ಹೇಗೂ ಬೇರೆ ಛಾಯಾಗ್ರಾಹಕರ ಕೆಲಸವನ್ನು ಅಭ್ಯಾಸ ಮಾಡಲೇಬೇಕು. ಸತ್ಯನ್ ಅವರಿಂದ ಶುರುಮಾಡಲಿ. ಆಮೇಲೆ ಹಂಪಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಬಳಿದ ಕಾಗದದ ನೆಗೆಟಿವ್ ಹಿಡಿದು ಆ ಬಂಡೆಗಳ ನಡುವೆ ಅಲೆದ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ, ಅದೇ ಕೋನದಲ್ಲಿ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ಕೂತರೆ ಇತಿಹಾಸದ ಪಾಠವೂ ಆಯಿತು. ರಜೆಗೆ ದಾವಣಗೆರೆಗೆ ಬಂದಾಗ ನಿಮ್ಮ ಹಳೆಯ ಆಲ್ಬಮ್ ಹಿಡಿದು ಅವಳೂ ಹೀಗೇ ಮಾಡಬಹುದಲ್ಲ?

ಇನ್ನೊಂದು ಲಾಭವುಂಟು. ನಮ್ಮೂರಿನ ಸ್ಟುಡಿಯೊದವರು ಚೂಪು ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೇ ಮದುಮಗಳ ಸಿಡುಬಿನ ಕಲೆ ಅಳಿಸುತ್ತಿದ್ದರು. ‘ಟಚಿಂಗ್’ ಅದರ ಹೆಸರು. ಅದನ್ನು ಕಣ್ಣಾರೆ ಕಂಡವನು ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರವನ್ನು ಸುಲಭಕ್ಕೆ ನಂಬುವುದಿಲ್ಲ. ಕೃತಕ ಬುದ್ಧಿಮತ್ತೆ ಇಲ್ಲದ ಮುಖಗಳನ್ನು ಸೃಷ್ಟಿಸುವ ಈ ಕಾಲದಲ್ಲಿ ಚಿತ್ರ ಹೇಗೆ ಸುಳ್ಳಾಡುತ್ತದೆಂದು ತಿಳಿದ ಹುಡುಗಿ ನಿಮ್ಮ ಮನೆಯಲ್ಲೊಬ್ಬಳು ಇರಲಿ.

ಹಾಗಂತ ಇಂಗ್ಲೆಂಡೇ ಸ್ವರ್ಗ ಎನ್ನುತ್ತಿಲ್ಲ. 2010ರಲ್ಲಿ ಅಲ್ಲಿನ ಸರ್ಕಾರ ಶಾಲೆಗಳನ್ನು ಅಳೆಯಲು ಹೊರಡಿಸಿದ ‘ಇಬ್ಯಾಕ್’ ಎಂಬ ಮುಖ್ಯ ವಿಷಯಗಳ ಪಟ್ಟಿಯಲ್ಲಿ ಕಲಾ ವಿಷಯಗಳಿಗೆ ಜಾಗವೇ ಇರಲಿಲ್ಲ. ಇಲ್ಲಿಯ ಕಥೆ ಬೇರೆ. ಗುರುದತ್ತರ ಹಿಂದಿ ಸಿನಿಮಾಗಳ ಬೆಳಕನ್ನು ಕಟ್ಟಿದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ, 1940ರ ದಶಕದಲ್ಲೇ! ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಇವತ್ತು ಛಾಯಾಚಿತ್ರಣದ ಪದವಿಯೂ ಇದೆ. ಅಲ್ಲಿಗೆ ಹೋಗುವ ಮಕ್ಕಳು ಹೈಸ್ಕೂಲಿನಲ್ಲಿ ಕಲಿತು ಬರುವುದೇನು? ಡ್ರಾಯಿಂಗ್ ಮೇಷ್ಟ್ರು ಇದ್ದರೆ ಪುಣ್ಯ. ಇದ್ದರೂ ಅವರ ಪಿರಿಯಡ್ಡು ಡಿಸೆಂಬರ್ ಬಂತೆಂದರೆ ಗಣಿತದ ಪಾಲು. ಅವರಿಗೆ ಉಳಿಯುವುದು ಬೋರ್ಡಿನ ಮೇಲೆ ಸುಸ್ವಾಗತ ಬರೆಯುವ ಕೆಲಸ.

ಪರಿಚಯದ ಡ್ರಾಯಿಂಗ್ ಮೇಷ್ಟ್ರೊಬ್ಬರು ಮೊನ್ನೆ ಫೋನಿನಲ್ಲಿ ಹೇಳಿದ್ದು: “ಸಾರ್, ಎಂಟನೇ ಕ್ಲಾಸಿನವರು ಒಂದು ದಿನ ಮನೆಯಿಂದ ಮೊಬೈಲ್ ತರಲಿ, ಫೋಟೊ ತೆಗೆಯೋದು ಹೇಳಿಕೊಡ್ತೀನಿ ಅಂದೆ. ಮೊಬೈಲ್ ಶಾಲೆಯೊಳಗೆ ಕೂಡದು ಅಂದ್ರು ಹೆಡ್‌ಮಾಸ್ಟರು. ಹಂಗೇ ಎದ್ದು ಬರೋವಾಗ ಕೂಗಿ, ‘ಬಿಸಿಯೂಟದ ಫೋಟೊ ಇನ್ನೂ ಗ್ರೂಪಿಗೆ ಹಾಕಿಲ್ವಲ್ರೀ, ಮೇಲಿನಿಂದ ಕೇಳ್ತಾ ಇದಾರೆ’ ಅಂದ್ರು.”

– ಸಂಪಾದಕ